ಓದಿದ ಸಾಲನ್ನೇ ಮತ್ತೆ ಓದಿಸುವ ಪುಟ: ಕಾಲಂ ಅಗಲದ ದೋಷ ಪತ್ತೆಹಚ್ಚುವುದು ಹೇಗೆ

ಕಾಲಂ ಅಗಲ ಹೆಚ್ಚಾಯಿತೆಂದು ಯಾವ ಓದುಗರೂ ದೂರುವುದಿಲ್ಲ. ‘ಓದಿದ್ದನ್ನೇ ಓದ್ತಿದೀನಿ’, ‘ಎರಡು ಪ್ಯಾರಾ ಆಗೋಷ್ಟರಲ್ಲಿ ಕಣ್ಣು ಸೋತುಹೋಗುತ್ತೆ’, ‘ಯಾಕೋ ತಡೆತಡೆದು ಹೋದ ಹಾಗಾಗುತ್ತೆ’ ಎನ್ನುತ್ತಾರೆ. ಪುಟ ಕಟ್ಟಿದವರು ಆಗ ಮೊದಲು ಕೈಹಾಕುವುದು ಫಾಂಟಿಗೆ, ಆಮೇಲೆ ಬಣ್ಣಕ್ಕೆ. ಎರಡೂ ಬದಲಾದ ಮೇಲೂ ದೂರು ಇದ್ದಲ್ಲೇ ಇರುತ್ತದೆ.

ಸಾಲಿನ ಉದ್ದದ ದೋಷ ಎರಡು ಬಗೆಯದು. ಸಾಲು ಉದ್ದವಾದರೆ ಕಣ್ಣು ದಾರಿ ತಪ್ಪುತ್ತದೆ, ಗಿಡ್ಡವಾದರೆ ಓದು ತುಂಡಾಗುತ್ತದೆ. ದೂರು ಕೇಳುವಾಗ ಎರಡೂ ಒಂದೇ ಥರ ಕೇಳಿಸುತ್ತವೆ, ಪರಿಹಾರ ಮಾತ್ರ ತದ್ವಿರುದ್ಧ. ಹಾಗಾಗಿ ಅಳೆಯದೆ ಏನನ್ನೂ ಬದಲಿಸಬೇಡಿ.

ಮೊದಲು ಅಳತೆ

ಪಠ್ಯದ ನಡುವಿನಿಂದ 10 ಪೂರ್ಣ ಸಾಲು ಆರಿಸಿ. ಪ್ಯಾರಾದ ಕೊನೆಯ ಅರ್ಧ ಸಾಲು, ಶೀರ್ಷಿಕೆ, ಪಟ್ಟಿ ಬೇಡ. ಪ್ರತಿ ಸಾಲಿನಲ್ಲಿ ಎಷ್ಟು ಪದ, ಎಷ್ಟು ಅಕ್ಷರ ಎಂದು ಎಣಿಸಿ ಸರಾಸರಿ ತೆಗೆಯಿರಿ. ಪದಗಳ ನಡುವಿನ ಜಾಗ ಒಂದು, ಚಿಹ್ನೆ ಒಂದು, ಒತ್ತಕ್ಷರ, ಕಾಗುಣಿತ ಸಮೇತ ಇಡೀ ಅಕ್ಷರ ಒಂದು ಎಂದು ಹಿಡಿಯಿರಿ.

ಈ ಎಣಿಕೆಯನ್ನು ತಂತ್ರಾಂಶಕ್ಕೆ ಬಿಡಬೇಡಿ. ‘ಸ್ತ್ರೀಯರು ಮತ್ತು ಮಕ್ಕಳು’ ಎಂಬುದು ಕಣ್ಣಿಗೆ, ಎರಡು ಖಾಲಿ ಜಾಗವೂ ಸೇರಿ, 10 ಸ್ಥಾನ. ಕಂಪ್ಯೂಟರ್ ಪಠ್ಯ ಉಳಿಸಲು ಬಳಸುವ ಯುನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಅದೇ 22. ‘ಸ್ತ್ರೀ’ ಒಂದಕ್ಕೇ ಆರು ಸಂಕೇತಗಳು ಬೇಕು. ‘ಸಾಲಿಗೆ 66 ಅಕ್ಷರ’ ಎಂಬ ಪ್ರಸಿದ್ಧ ಸೂತ್ರವನ್ನು ಈ ಲೆಕ್ಕಕ್ಕೆ ಹೊಂದಿಸಿದವರ ಕಾಲಂ ಅಗತ್ಯಕ್ಕಿಂತ ಗಿಡ್ಡವಾಗುತ್ತದೆ. ಅದನ್ನೇ ಕನ್ನಡದ 66 ಇಡೀ ಅಕ್ಷರ ಎಂದುಕೊಂಡವರ ಕಾಲಂ ವಿಪರೀತ ಅಗಲವಾಗುತ್ತದೆ. ಆ ಸೂತ್ರ ಹುಟ್ಟಿದ್ದು ಲ್ಯಾಟಿನ್ ಲಿಪಿಗೆ. ಅಲ್ಲಿ ಒಪ್ಪಿತ ವ್ಯಾಪ್ತಿ 45ರಿಂದ 75. ಇಂಗ್ಲಿಷಿನ 66 ಅಕ್ಷರದಲ್ಲಿ ಹನ್ನೊಂದರ ಆಸುಪಾಸು ಪದ ಕೂರುತ್ತವೆ. ಕನ್ನಡದ ಒಂದೊಂದು ಅಕ್ಷರವೂ ಅಗಲ, ಒಂದೊಂದು ಪದವೂ ಪ್ರತ್ಯಯ ಹೊತ್ತು ಉದ್ದ. ಕನ್ನಡಕ್ಕೆ ನಾವು ಕೆಲಸದಲ್ಲಿ ಬಳಸುವ ವ್ಯಾಪ್ತಿ ಸಾಲಿಗೆ 35ರಿಂದ 48 ಅಕ್ಷರ, ಅಂದರೆ 7ರಿಂದ 9 ಪದ. 55 ದಾಟಿದರೆ ಅನುಮಾನಿಸಿ. 28ಕ್ಕಿಂತ ಇಳಿದರೂ ಅನುಮಾನಿಸಿ.

ಎರಡನೆಯ ಅಳತೆಯನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಸ್ಕೇಲು ಇಟ್ಟು ಸಾಲಿನ ಉದ್ದ ಅಳೆಯಿರಿ. ಒಂದು ಸಾಲಿನ ಪಾದದಿಂದ ಅದರ ಕೆಳಗಿನ ಹತ್ತನೆಯ ಸಾಲಿನ ಪಾದದವರೆಗೆ ಅಳೆದು 10ರಿಂದ ಭಾಗಿಸಿ, ಅದು ಸಾಲಂತರ. ಉದ್ದವನ್ನು ಸಾಲಂತರದಿಂದ ಭಾಗಿಸಿ. ಬಂದ ಅಂಕಿ 25ಕ್ಕಿಂತ ಹೆಚ್ಚಿದ್ದರೆ ಸಾಲು ತಪ್ಪುವ ದೂರು ಬರುವುದು ಸಹಜ. 18ರಿಂದ 23ರ ಒಳಗಿದ್ದರೆ ನೆಮ್ಮದಿ.

ಲಕ್ಷಣ: ಓದಿದ ಸಾಲೇ ಮತ್ತೆ ಬರುತ್ತದೆ, ಇಲ್ಲವೇ ಒಂದು ಸಾಲು ಹಾರಿಹೋಗುತ್ತದೆ

ಓದುವಾಗ ಕಣ್ಣು ಸಾಲಿನುದ್ದಕ್ಕೂ ಜಾರುವುದಿಲ್ಲ, ನೆಗೆಯುತ್ತದೆ. ಒಂದು ಕಡೆ ಸೆಕೆಂಡಿನ ಕಾಲು ಭಾಗದಷ್ಟು ನಿಲ್ಲುತ್ತದೆ, ಲ್ಯಾಟಿನ್ ಲಿಪಿಯಲ್ಲಾದರೆ ಏಳೆಂಟು ಅಕ್ಷರ ಮುಂದಕ್ಕೆ ನೆಗೆಯುತ್ತದೆ, ಮತ್ತೆ ನಿಲ್ಲುತ್ತದೆ. ಸಾಲಿನ ಕೊನೆ ತಲುಪಿದಾಗ ಒಂದೇ ದೊಡ್ಡ ನೆಗೆತದಲ್ಲಿ ಎಡಕ್ಕೆ ಹಿಂದಿರುಗಬೇಕು, ಅದೇ ಹೊತ್ತಿಗೆ ಒಂದು ಸಾಲು ಕೆಳಗಿಳಿಯಬೇಕು. ಈ ಹಿಂದಿರುಗುವ ನೆಗೆತ ಬಹಳ ಸಲ ಗುರಿಗಿಂತ ಮೊದಲೇ ಬೀಳುತ್ತದೆ, ಆಮೇಲೆ ಇನ್ನೊಂದು ಪುಟ್ಟ ನೆಗೆತದಿಂದ ಸರಿಹೋಗುತ್ತದೆ. ಸಾಲು ಉದ್ದವಾದಷ್ಟೂ ತಪ್ಪು ಹೆಚ್ಚು. ಸಾಲು ತಪ್ಪುವ ದೂರಿನ ಮೂಲ ಬಹುತೇಕ ಇಲ್ಲೇ.

ಕೋನದಲ್ಲಿ ನೋಡಿದರೆ ದೋಷ ಸ್ಪಷ್ಟ. ಎ4 ಹಾಳೆ 210 ಮಿಮೀ ಅಗಲ. ಎರಡೂ ಬದಿ 25 ಮಿಮೀ ಅಂಚು ಬಿಟ್ಟರೆ ಸಾಲು 160 ಮಿಮೀ. 12 ಪಾಯಿಂಟ್ ಅಕ್ಷರ, 14.4 ಪಾಯಿಂಟ್ ಸಾಲಂತರ ಎಂದರೆ ಸಾಲಿಂದ ಸಾಲಿಗೆ 5.08 ಮಿಮೀ. ಭಾಗಿಸಿದರೆ 31. ಕಣ್ಣು ಎಡಕ್ಕೆ ಮರಳುವಾಗ ಇಳಿಯಬೇಕಾದ ಓರೆ 1.8 ಡಿಗ್ರಿ ಮಾತ್ರ. ಅಷ್ಟು ಚಪ್ಪಟೆಯಾದ ದಾರಿಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಬಿಟ್ಟ ಸಾಲಿಗೇ ಬಂದು ನಿಲ್ಲುತ್ತೀರಿ. ಅಂಚನ್ನು 35 ಮಿಮೀಗೆ ಏರಿಸಿ, ಸಾಲು 140 ಮಿಮೀ ಆಗುತ್ತದೆ. ಸಾಲಂತರವನ್ನು 20 ಪಾಯಿಂಟಿಗೆ, ಅಂದರೆ ಸುಮಾರು 7 ಮಿಮೀಗೆ ಏರಿಸಿ. ಈಗ ಅಂಕಿ 20, ಓರೆ 2.9 ಡಿಗ್ರಿ. ಅಕ್ಷರದ ಗಾತ್ರ, ಫಾಂಟ್ ಯಾವುದನ್ನೂ ಮುಟ್ಟಿಲ್ಲ. ಪುಟ ಜಾಸ್ತಿಯಾಗುತ್ತದೆ, ನಿಜ. ಪುಟ ಉಳಿಸಲೇಬೇಕೆಂದಿದ್ದರೆ ಎರಡು ಕಾಲಂ ಮಾಡಿ. ಒಂದೇ ಕಾಲಂ ಅನ್ನು ಅಂಚಿನವರೆಗೆ ಎಳೆಯಬೇಡಿ.

ದೋಷ ಅಗಲದ್ದೋ ಸಾಲಂತರದ್ದೋ ಎಂದು ಬೇರ್ಪಡಿಸಲು ಒಂದು ಸಲಕ್ಕೆ ಒಂದನ್ನೇ ಬದಲಿಸಿ:

1. ಅಗಲ ಹಾಗೇ ಇರಲಿ, ಸಾಲಂತರವನ್ನು ಅಕ್ಷರ ಗಾತ್ರದ 1.7 ಪಟ್ಟಿಗೆ ಏರಿಸಿ. ಸಾಲು ತಪ್ಪುವುದು ನಿಂತಿತೇ? ದೋಷ ಸಾಲಂತರದ್ದು, ಅಗಲ ಮುಟ್ಟುವ ಅಗತ್ಯವಿಲ್ಲ.
2. ಕಡಿಮೆಯಾಯಿತು, ನಿಲ್ಲಲಿಲ್ಲ ಎಂದರೆ ಅಗಲವನ್ನು ಸಾಲಿಗೆ 45 ಅಕ್ಷರಕ್ಕೆ ಇಳಿಸಿ.
3. ಎರಡಕ್ಕೂ ಬಗ್ಗದಿದ್ದರೆ ದೋಷ ಸಾಲಿನ ಉದ್ದದ್ದಲ್ಲ. ಕೊನೆಯ ಭಾಗ ನೋಡಿ.

ಮೊದಲೇ ಅಕ್ಷರ ಗಾತ್ರ ಬದಲಿಸಿದರೆ ಪರೀಕ್ಷೆ ಕೆಡುತ್ತದೆ. ಗಾತ್ರ ಏರಿದಾಗ ಸಾಲಿಗೆ ಹಿಡಿಯುವ ಅಕ್ಷರ ಕಡಿಮೆಯಾಗುತ್ತದೆ, ಸಾಲಂತರವೂ ಜೊತೆಗೇ ಏರುತ್ತದೆ. ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಗಾತ್ರ, ಸಾಲಿನ ಉದ್ದ, ಸಾಲಂತರ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಮೈಲ್ಸ್ ಟಿಂಕರ್ ಮತ್ತು ಡೊನಾಲ್ಡ್ ಪ್ಯಾಟರ್ಸನ್ 1920ರ ದಶಕದ ಕೊನೆಯಿಂದ ನಡೆಸಿದ ಮುದ್ರಣ ಪ್ರಯೋಗಗಳೇ ತೋರಿಸಿವೆ.

ಕನ್ನಡಕ್ಕೆ ಸಾಲಂತರ ಇನ್ನೂ ಮುಖ್ಯ. ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿಗೆ ಸಾಕಾಗುವ 1.4 ಪಟ್ಟು ಕನ್ನಡದಲ್ಲಿ ಮೇಲಿನ ಸಾಲಿನ ‘ಷ್ಟ್ರ’ವನ್ನು ಕೆಳಗಿನ ಸಾಲಿನ ತಲೆಗೆ ತಾಗಿಸುತ್ತದೆ. ಸಾಲುಗಳ ನಡುವೆ ಕಣ್ಣು ಹಿಡಿದು ಹೋಗುವ ಬಿಳಿ ಪಟ್ಟಿಯೇ ಆಗ ಮುಚ್ಚಿಹೋಗುತ್ತದೆ. 1.6ರಿಂದ ಆರಂಭಿಸಿ. ಸಾಲು 48 ಅಕ್ಷರದ ಹತ್ತಿರವಿದ್ದರೆ 1.8.

ಲಕ್ಷಣ: ದೊಡ್ಡ ಪರದೆಯಲ್ಲಿ ಮಾತ್ರ ದೂರು

1920 ಪಿಕ್ಸೆಲ್ ಪರದೆಯಲ್ಲಿ 16 ಪಿಕ್ಸೆಲ್ ಅಕ್ಷರವನ್ನು ಅಂಚಿನಿಂದ ಅಂಚಿಗೆ ಹರಡಿದರೆ ಕನ್ನಡದಲ್ಲಿ ಸಾಲಿಗೆ 160ರ ಹತ್ತಿರ ಅಕ್ಷರ ಬರುತ್ತವೆ. ಕಾರಣ ಸರಳ, ಕಾಲಂಗೆ ಗರಿಷ್ಠ ಅಗಲವನ್ನೇ ಕೊಟ್ಟಿರುವುದಿಲ್ಲ. ಬ್ರೌಸರ್ ಕಿಟಕಿಯನ್ನು ಎಳೆದು ಕಿರಿದು ಮಾಡಿ. ಅರ್ಧಕ್ಕೆ ಬಂದಾಗ ಓದು ಸಲೀಸಾಯಿತೆಂದರೆ ರೋಗ ಪತ್ತೆಯಾಯಿತು. ಪುಟದ ಶೈಲಿಸೂಚನೆಯಲ್ಲಿ (ಸಿಎಸ್ಎಸ್) ಮ್ಯಾಕ್ಸ್-ವಿಡ್ತ್, ಅಂದರೆ ಗರಿಷ್ಠ ಅಗಲ, ಹಾಕಿದರೆ ಮುಗಿಯಿತು.

ಆದರೆ ಯಾವ ಮಾನದಲ್ಲಿ ಹಾಕುವುದು? ಪಿಕ್ಸೆಲ್‌ನಲ್ಲಿ ಬೇಡ. ಓದುಗರು ಅಕ್ಷರವನ್ನಷ್ಟೇ ದೊಡ್ಡದು ಮಾಡಿಕೊಂಡಾಗ ಕಾಲಂ ಬೆಳೆಯದೆ ಸಾಲಿಗೆ ಇಪ್ಪತ್ತು ಅಕ್ಷರಕ್ಕೆ ಬಂದು ನಿಲ್ಲುತ್ತದೆ. ಹೆಚ್ಚು ದೊಡ್ಡಕ್ಷರ ಬೇಕಾದವರಿಗೇ ಹೆಚ್ಚು ತುಂಡು ಸಾಲು. ‘ಎಂ’ ಮಾನದಲ್ಲಿ ಕೊಡಿ. ಅಕ್ಷರ ಗಾತ್ರವೇ ಒಂದು ಎಂ, ಗಾತ್ರದ ಜೊತೆ ಕಾಲಂ ಕೂಡ ಬೆಳೆಯುತ್ತದೆ.

ಇಂಗ್ಲಿಷ್ ಪುಟಗಳಲ್ಲಿ ಜನಪ್ರಿಯವಾದ ‘ಸಿಎಚ್’ ಮಾನದ ಬಗ್ಗೆ ಎಚ್ಚರ. ಒಂದು ಸಿಎಚ್ ಎಂದರೆ ಫಾಂಟಿನಲ್ಲಿರುವ ‘0’ ಅಂಕಿಯ ಅಗಲ. ಫಾಂಟ್ ಪಟ್ಟಿಯಲ್ಲಿ ಇಂಗ್ಲಿಷ್ ಫಾಂಟ್ ಮೊದಲು, ಕನ್ನಡದ್ದು ಆಮೇಲೆ ಇದ್ದರೆ ಅಳತೆ ಇಂಗ್ಲಿಷ್ ಫಾಂಟಿನ ಸೊನ್ನೆಯದು. ನಿಮ್ಮ ಪಠ್ಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸೊನ್ನೆ 0.55 ಎಂ ಇದ್ದರೆ 66 ಸಿಎಚ್ ಸುಮಾರು 36 ಎಂ. ಕನ್ನಡ ಅಕ್ಷರದ ಸರಾಸರಿ 0.75 ಎಂ ಎಂದು ಹಿಡಿದರೆ ಅದರಲ್ಲಿ 48 ಅಕ್ಷರ, ಅದೃಷ್ಟಕ್ಕೆ ಸರಿಯೇ. ಅದೇ 80 ಸಿಎಚ್ ಕೊಟ್ಟಲ್ಲಿ 58 ದಾಟುತ್ತದೆ. ಫಾಂಟ್ ಪಟ್ಟಿಯ ಕ್ರಮ ಬದಲಾದ ದಿನ ಎಲ್ಲ ಕಾಲಮ್ಮೂ ತಾನಾಗಿಯೇ ಕದಲುತ್ತದೆ, ಯಾರಿಗೂ ಯಾಕೆಂದು ಹೊಳೆಯುವುದಿಲ್ಲ.

0.75 ಎಂಬುದನ್ನೂ ಕಣ್ಣುಮುಚ್ಚಿ ಒಪ್ಪಬೇಡಿ. ಒಂದೇ ಗಾತ್ರ ಕೊಟ್ಟರೂ ಕನ್ನಡ ಫಾಂಟ್‌ಗಳು ಅಗಲದಲ್ಲಿ ಬಹಳ ಬೇರೆಬೇರೆ. ಕೆಲವು ಸಣ್ಣಗೆ ಒತ್ತಾಗಿ ಕೂರುತ್ತವೆ, ಕೆಲವು ಧಾರಾಳವಾಗಿ ಹರಡುತ್ತವೆ. ನಿಮ್ಮ ಫಾಂಟಿನದನ್ನು ನೀವೇ ತೆಗೆಯಿರಿ: ಕಾಲಂ ಅಗಲವನ್ನು ಪಿಕ್ಸೆಲ್‌ನಲ್ಲಿ ಅಳೆದು, ಅದನ್ನು ಸಾಲಿನ ಸರಾಸರಿ ಅಕ್ಷರಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಅಕ್ಷರ ಗಾತ್ರದಿಂದ ಮತ್ತೆ ಭಾಗಿಸಿ. ಆ ಅಂಕಿಯನ್ನು 45ರಿಂದ ಗುಣಿಸಿದರೆ ಬೇಕಾದ ಎಂ ಸಿಗುತ್ತದೆ. 0.75ಕ್ಕೆ 34 ಎಂ ಬರುತ್ತದೆ. 18 ಪಿಕ್ಸೆಲ್ ಅಕ್ಷರಕ್ಕೆ ಅದು 612 ಪಿಕ್ಸೆಲ್ ಕಾಲಂ, 1.7 ಸಾಲಂತರದಲ್ಲಿ ಉದ್ದ-ಅಂತರದ ಅಂಕಿ ಸರಿಯಾಗಿ 20.

ಕಾಲಂ ಕಿರಿದಾದ ಮೇಲೆ ಎರಡೂ ಬದಿ ಖಾಲಿ ಉಳಿಯುತ್ತದೆ, ಅದನ್ನು ಕಂಡು ‘ಜಾಗ ಹಾಳಾಯಿತು’ ಎನ್ನುವವರು ಇದ್ದೇ ಇರುತ್ತಾರೆ. ಹಾಳಾಗಿಲ್ಲ. ಅಲ್ಲಿ ಚಿತ್ರ, ಕೋಷ್ಟಕ ಚಾಚಲಿ. ಓದುವ ಸಾಲು ಚಾಚಬಾರದು.

ವೆಬ್ ಸುಗಮತೆಯ ಮಾರ್ಗಸೂಚಿ ಡಬ್ಲ್ಯೂಸಿಎಜಿ ತನ್ನ 1.4.8ನೇ ಅಂಶದಲ್ಲಿ ಸಾಲಿಗೆ 80 ಅಕ್ಷರ ಮೀರದಂತೆ, ಚೀನೀ, ಜಪಾನಿ, ಕೊರಿಯನ್ ಲಿಪಿಗಳಿಗೆ 40 ಮೀರದಂತೆ ಹೇಳುತ್ತದೆ. ಕನ್ನಡ ಅದರ ಲೆಕ್ಕದಲ್ಲಿ 80ರ ಗುಂಪಿಗೆ ಬೀಳುತ್ತದೆ. ನಿಯಮ ಪಾಲಿಸಿದೆವೆಂದು 80 ಇಡೀ ಅಕ್ಷರ ತುಂಬಿಸಿದರೆ ಓದುವವರಿಗೆ ಸುಖವಿಲ್ಲ. ಕನ್ನಡದ ಅಕ್ಷರದ ಅಗಲ ನೋಡಿದರೆ ನಾವು 40ರ ಕಡೆಗೇ ಹತ್ತಿರ.

ವೇಗವನ್ನಷ್ಟೇ ಅಳೆದು ತೀರ್ಪು ಕೊಡುವುದೂ ತಪ್ಪು. ಪರದೆಯ ಮೇಲಿನ ಕೆಲವು ಪ್ರಯೋಗಗಳಲ್ಲಿ 100 ಅಕ್ಷರದ ಉದ್ದ ಸಾಲನ್ನು ಜನ ವೇಗವಾಗಿಯೇ ಓದಿದ್ದಾರೆ. ಸ್ಕ್ರೋಲ್ ಮಾಡುವ ಕೆಲಸ ಕಡಿಮೆಯಾಗುವುದೂ ಅದಕ್ಕೆ ನೆರವಾಗಬಹುದು. ಮೇರಿ ಡೈಸನ್ ಮತ್ತು ಹ್ಯಾಸಲ್‌ಗ್ರೋವ್ 2001ರಲ್ಲಿ 25, 55, 100 ಅಕ್ಷರದ ಇಂಗ್ಲಿಷ್ ಸಾಲುಗಳನ್ನು ಹೋಲಿಸಿದಾಗ ಅರ್ಥಗ್ರಹಣಕ್ಕೆ ಅನುಕೂಲವಾಗಿ ಕಂಡದ್ದು 55. ಓಡಿಸಿಕೊಂಡು ಹೋಗುವುದು ಬೇರೆ, ಅರ್ಥವಾಗುವುದು ಬೇರೆ.

ಲಕ್ಷಣ: ತಡೆತಡೆದು ಓದು, ಪದಗಳ ನಡುವೆ ಹಳ್ಳ

ಇದು ಇನ್ನೊಂದು ತುದಿ. ಕಾಲಂ ಕಿರಿದು, ಮೇಲಿಂದ ಜಸ್ಟಿಫೈ ಮಾಡಿ ಎರಡೂ ಅಂಚು ನೇರ. ‘ಮಾಡಿಕೊಳ್ಳಬೇಕಾಗಿರುವುದರಿಂದ’ ಒಂದೇ ಪದ, 12 ಅಕ್ಷರ. ಸಾಲಿಗೆ 26 ಸ್ಥಾನವಿದೆ, ಮೂರು ಪದ ಸೇರಿ 13 ಅಕ್ಷರ, ನಡುವೆ ಎರಡು ಜಾಗ, 15 ಆಯಿತು. ಉಳಿದದ್ದು 11. ಮುಂದಿನ ಪದ ಹಿಡಿಸದೆ ಕೆಳಗಿಳಿಯಿತು. ಆ 11 ಸ್ಥಾನವನ್ನು ಎರಡು ಜಾಗಕ್ಕೆ ಹಂಚಿದಾಗ ಒಂದೊಂದೂ ಐದಾರು ಅಕ್ಷರದಷ್ಟು ಹಿಗ್ಗುತ್ತದೆ. ಇಂಥ ನಾಲ್ಕೈದು ಸಾಲು ಒಂದರ ಕೆಳಗೊಂದು ಬಂದರೆ ಪುಟದ ಮೇಲಿಂದ ಕೆಳಕ್ಕೆ ಬಿಳಿ ಕಾಲುವೆ ಹರಿಯುತ್ತದೆ, ಕಣ್ಣು ಸಾಲು ಬಿಟ್ಟು ಅದರಲ್ಲಿ ಇಳಿಯುತ್ತದೆ.

ಪತ್ತೆ ಸುಲಭ. ಹಾಳೆಯನ್ನು ತಲೆಕೆಳಗು ಹಿಡಿದು ಕಣ್ಣು ಕಿರಿದು ಮಾಡಿ ನೋಡಿ. ಓದಲು ಬರದ ಸ್ಥಿತಿಯಲ್ಲಿ ಬಿಳಿಯ ಹಂಚಿಕೆಯಷ್ಟೇ ಕಾಣುತ್ತದೆ. ಪರದೆಯಲ್ಲಾದರೆ ಜಸ್ಟಿಫೈ ತೆಗೆದು ಎಡಕ್ಕೆ ಹೊಂದಿಸಿ. ಹಳ್ಳಗಳು ಮಾಯವಾಗಿ, ಬಲ ಅಂಚು ಮಾತ್ರ ಏರುಪೇರಾಗಿ ಉಳಿಯುತ್ತದೆ. ಆ ಏರುಪೇರು ಕಾಲಂ ಅಗಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಕಾಲಮ್ಮೇ ಕಿರಿದು. ಅಷ್ಟಿಲ್ಲದಿದ್ದರೆ ಎಡಹೊಂದಿಕೆ ಒಂದೇ ಸಾಕು. ನಮ್ಮ ಅಭಿಪ್ರಾಯದಲ್ಲಿ 40 ಅಕ್ಷರಕ್ಕಿಂತ ಕಿರಿದಾದ ಕನ್ನಡ ಕಾಲಂಗೆ ಜಸ್ಟಿಫೈ ಬೇಡವೇ ಬೇಡ. ಅಂಚು ನೇರ ಕಾಣುವುದು ಪುಟ ನೋಡುವವರಿಗೆ ಬೇಕು, ಓದುವವರಿಗಲ್ಲ.

ನೇರ ಅಂಚು ಬಿಡಲಾಗದಿದ್ದರೆ ಪದ ಒಡೆಯಬೇಕು. ಇಲ್ಲಿ ತಪ್ಪುಗಳು ದಂಡಿಯಾಗಿ ಬರುತ್ತವೆ. ಪಠ್ಯದ ಭಾಷೆ ಕನ್ನಡವೆಂದು ಗುರುತು ಮಾಡದಿದ್ದರೆ ತಂತ್ರಾಂಶ ಒಡೆಯುವುದೇ ಇಲ್ಲ. ಹಳೆಯ ಆಸ್ಕಿ ಫಾಂಟಿನ ಪಠ್ಯವಾದರೆ ಇನ್ನೂ ಕೆಟ್ಟದ್ದು. ತಂತ್ರಾಂಶಕ್ಕೆ ಅದು ಇಂಗ್ಲಿಷ್ ಅಕ್ಷರಗಳ ಸರಮಾಲೆ. ಇಂಗ್ಲಿಷ್ ನಿಯಮ ಹಚ್ಚಿ ಕಾಗುಣಿತದ ಕೊಂಬನ್ನೋ ದೀರ್ಘವನ್ನೋ ಮುಂದಿನ ಸಾಲಿಗೆ ತಳ್ಳಿಬಿಡುತ್ತದೆ. ಸಾಲಿನ ಆರಂಭದಲ್ಲಿ ಒಂಟಿ ಕೊಂಬು ಕಂಡರೆ ಸ್ವಯಂಚಾಲಿತ ಹೈಫನ್ ನಿಲ್ಲಿಸಿ, ಸಾಧ್ಯವಾದರೆ ಪಠ್ಯವನ್ನೇ ಯುನಿಕೋಡಿಗೆ ಪರಿವರ್ತಿಸಿ.

ಸಾಲು ಒಡೆದಾಗ ಮಾತ್ರ ಕಾಣುವ ಸಾಫ್ಟ್ ಹೈಫನ್ ಅನ್ನು ಕೈಯಿಂದ ಹಾಕುವುದಾದರೆ ಪ್ರತ್ಯಯದ ಗಡಿಯಲ್ಲಿ ಹಾಕಿ, ‘ಪುಸ್ತಕ’ದ ನಂತರ ‘ಗಳಲ್ಲಿ’ ಬರುವ ಹಾಗೆ. ಒತ್ತಕ್ಷರದ ಒಳಗೆ, ಅಂದರೆ ಅರ್ಧಾಕ್ಷರಕ್ಕೂ ಅದರ ಒತ್ತಿಗೂ ನಡುವೆ ಎಂದೂ ಬೇಡ. ಸಾಲು ಅಲ್ಲಿ ಒಡೆಯದಿದ್ದರೂ ಒತ್ತು ಕಳಚಿ ‘ನ್’ ಬೇರೆ ‘ನ’ ಬೇರೆಯಾಗಿ ನಿಲ್ಲಬಹುದು. ಒಂಟಿ ಅಕ್ಷರವನ್ನು ಈಚೆಗೂ ಬಿಡಬೇಡಿ, ಆಚೆಗೂ ಬಿಡಬೇಡಿ. ಹಳ್ಳ ಮುಚ್ಚಲು ಲೆಟರ್-ಸ್ಪೇಸಿಂಗ್, ಅಂದರೆ ಅಕ್ಷರಗಳ ನಡುವಿನ ಜಾಗ, ಹಿಗ್ಗಿಸುವ ಉಪಾಯವನ್ನೂ ಬಿಟ್ಟುಬಿಡಿ. ಕನ್ನಡದಲ್ಲಿ ಅದು ಅಕ್ಷರಕ್ಕೂ ಅದರ ದೀರ್ಘಕ್ಕೂ ನಡುವೆ ಬಿರುಕು ತರಬಹುದು.

ಲಕ್ಷಣ: ಮೊಬೈಲಿನಲ್ಲಿ ಮಾತ್ರ ದೂರು

360 ಪಿಕ್ಸೆಲ್ ಅಗಲದ ಪರದೆ, ಎರಡೂ ಬದಿ 16 ಅಂಚು, ಉಳಿದದ್ದು 328. 18 ಪಿಕ್ಸೆಲ್ ಅಕ್ಷರಕ್ಕೆ ಸಾಲಿಗೆ 24 ಅಕ್ಷರ, 16 ಪಿಕ್ಸೆಲ್‌ಗೆ 27. ಇದು ಕಿರಿದೇ, ಆದರೆ ಎಡಕ್ಕೆ ಹೊಂದಿಸಿದ್ದರೆ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಒಳಗಿನ ಪೆಟ್ಟಿಗೆಗಳದು: ಪುಟಕ್ಕೆ 16, ಅದರೊಳಗಿನ ಕಾರ್ಡಿಗೆ 16, ಅದರೊಳಗಿನ ಉಲ್ಲೇಖಕ್ಕೆ 20. ಎರಡೂ ಬದಿ ಸೇರಿ 104 ಪಿಕ್ಸೆಲ್ ಹೋಯಿತು, ಸಾಲಿಗೆ 19 ಅಕ್ಷರ ಉಳಿಯಿತು. ಮೂರೇ ಪದ. ಪರಿಹಾರ ಅಕ್ಷರ ಕಿರಿದು ಮಾಡುವುದಲ್ಲ, ಸಣ್ಣ ಪರದೆಯಲ್ಲಿ ಒಳ ಪೆಟ್ಟಿಗೆಗಳ ಅಂಚು ತೆಗೆದುಹಾಕುವುದು. ಉಲ್ಲೇಖವನ್ನು ಎಡಗಡೆ ಒಂದು ಗೆರೆ ಎಳೆದು ತೋರಿಸಿದರೆ ಸಾಕು.

ಇಡೀ ಪುಟ ಅಡ್ಡಕ್ಕೆ ಜರುಗುತ್ತಿದ್ದರೆ ಎಲ್ಲೋ ಒಂದು ಉದ್ದನೆಯ ವೆಬ್ ವಿಳಾಸ ಅಥವಾ ಕೋಷ್ಟಕ ಕಾಲಂ ಅನ್ನು ಹೊರಕ್ಕೆ ನೂಕುತ್ತಿದೆ. ಓವರ್‌ಫ್ಲೋ-ರ‍್ಯಾಪ್ ಬಳಸಿ, ಅದು ಹಿಡಿಸದ ಪದವನ್ನಷ್ಟೇ ಒಡೆಯುತ್ತದೆ. ವರ್ಡ್-ಬ್ರೇಕ್‌ಗೆ ಬ್ರೇಕ್-ಆಲ್ ಕೊಟ್ಟರೆ ಎಲ್ಲ ಕನ್ನಡ ಪದಗಳೂ ಸಿಕ್ಕಲ್ಲಿ ಒಡೆಯುತ್ತವೆ, ಕೆಲವೊಮ್ಮೆ ಒತ್ತಕ್ಷರವೂ. ಪರೀಕ್ಷೆಗೆ 1280 ಪಿಕ್ಸೆಲ್ ಕಿಟಕಿಯನ್ನು 400 ಶೇಕಡಾ ಹಿಗ್ಗಿಸಿ ನೋಡಿ. ಅದು 320 ಪಿಕ್ಸೆಲ್ ಪರದೆಗೆ ಸಮ. ಅಲ್ಲೂ ಅಡ್ಡ ಜರುಗದೆ ಓದಲು ಬರಬೇಕು.

ಲಕ್ಷಣ: ಪಕ್ಕದ ಕಾಲಂಗೆ ಕಣ್ಣು ಹಾರುತ್ತದೆ

ಕಾಲಂಗಳ ನಡುವಿನ ಜಾಗ ಸಾಲದು. ಬ್ರೌಸರ್ ತಾನಾಗಿ ಕೊಡುವುದು 1 ಎಂ, ಕನ್ನಡಕ್ಕೆ ಅದು ಒಂದೂವರೆ ಅಕ್ಷರದಷ್ಟೂ ಇಲ್ಲ ಎನ್ನಬಹುದು. ಜಸ್ಟಿಫೈ ಆದ ಸಾಲಿನ ಹಳ್ಳವೇ ಅದಕ್ಕಿಂತ ಅಗಲವಿದ್ದರೆ ಕಾಲಂ ಎಲ್ಲಿ ಮುಗಿಯಿತೆಂದು ಕಣ್ಣಿಗೆ ಹೇಗೆ ಗೊತ್ತಾಗಬೇಕು? 2 ಎಂ ಕೊಡಿ. ಜಾಗವಿಲ್ಲದಿದ್ದರೆ 1.5 ಎಂ ಕೊಟ್ಟು ನಡುವೆ ತೆಳು ಗೆರೆ ಎಳೆಯಿರಿ. ಪರದೆಯಲ್ಲಿ ಬಹುಕಾಲಂ ಬಳಸುವುದಾದರೆ ಕಾಲಂ ಎತ್ತರ ಪರದೆಯ ಎತ್ತರ ಮೀರಬಾರದು. ಮೀರಿದರೆ ಓದುಗರು ಒಂದನೆಯದರ ಬುಡಕ್ಕೆ ಇಳಿದು, ಎರಡನೆಯದರ ತಲೆಗೆ ಮತ್ತೆ ಹತ್ತಬೇಕು.

ಗುಣವಾಯಿತೇ ಎಂದು ತಿಳಿಯಲು

ಹಳೆಯ, ಹೊಸ ಎರಡೂ ವಿನ್ಯಾಸದಲ್ಲಿ ಒಬ್ಬರಿಂದಲೇ ಐದೈದು ನಿಮಿಷ ಗಟ್ಟಿಯಾಗಿ ಓದಿಸಿ. ಪಠ್ಯ ಬೇರೆಬೇರೆ, ಕಷ್ಟ ಒಂದೇ ಮಟ್ಟದ್ದಿರಲಿ. ಎರಡನ್ನು ಗುರುತು ಹಾಕಿಕೊಳ್ಳಿ: ಎಷ್ಟು ಸಲ ಸಾಲು ತಪ್ಪಿತು ಅಥವಾ ಮರಳಿತು, ಎಷ್ಟು ಸಲ ಸಾಲಿನ ಮೊದಲ ಪದದಲ್ಲಿ ದನಿ ತಡೆಯಿತು. ಮೊದಲನೆಯದು ಉದ್ದ ಸಾಲಿನ ಗುರುತು. ಎರಡನೆಯದು ಪ್ರತಿ ಸಾಲಿಗೂ ಬಂದರೆ ಗಿಡ್ಡ ಸಾಲಿನದು. ‘ಯಾವುದು ಚೆನ್ನಾಗಿದೆ’ ಎಂದು ಕೇಳಿದರೆ ಸಿಗುವುದು ಪುಟದ ಅಂದದ ಬಗ್ಗೆ ಉತ್ತರ.

ಅಗಲದ್ದಲ್ಲದ ದೋಷಗಳು

ಅಳತೆಗಳೆಲ್ಲ ಸರಿಯಿದ್ದೂ ದೂರು ನಿಲ್ಲದಿದ್ದರೆ ಮೊದಲು ಬಣ್ಣದ ವ್ಯತ್ಯಾಸ ನೋಡಿ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 4.5:1 ಇರಬೇಕು. ತಿಳಿ ಬೂದು ಅಕ್ಷರ ಈ ಪರೀಕ್ಷೆಯಲ್ಲಿ ಸೋಲುತ್ತದೆ, ತೆಳು ಗೆರೆಯ ಫಾಂಟಾದರೆ ಪಾಸಾದರೂ ಓದಿಸಿಕೊಳ್ಳುವುದಿಲ್ಲ. ಸಾಲಂತರ ಒಂದು ಸಾಲಿಗೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಕಂಡರೆ ಕನ್ನಡ ಅಕ್ಷರಗಳು ಬದಲಿ ಫಾಂಟಿನಿಂದ ಬರುತ್ತಿವೆ. ಕನ್ನಡ ಫಾಂಟನ್ನು ಹೆಸರಿಸಿ, ಸಾಲಂತರವನ್ನು 1.7 ಎಂಬಂತೆ ಮಾನವಿಲ್ಲದ ಸಂಖ್ಯೆಯಾಗಿ ಕೊಡಿ. ಒಬ್ಬ ಓದುಗರಿಗೆ ಮಾತ್ರ, ಎಲ್ಲ ಪುಟಗಳಲ್ಲೂ ತೊಂದರೆಯಿದ್ದರೆ ಕನ್ನಡಕದ ಬಗ್ಗೆ ವಿಚಾರಿಸಿ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು ಬಳಸುವ ಪ್ರೋಗ್ರೆಸಿವ್ ಲೆನ್ಸಿನಲ್ಲಿ ಓದುವ ಭಾಗ ಕಿರಿದು, ಉದ್ದ ಸಾಲಿಗೆ ಕಣ್ಣಿನ ಬದಲು ಕತ್ತನ್ನೇ ತಿರುಗಿಸಬೇಕಾಗುತ್ತದೆ. ಅಂಥವರಿಗೆ 35 ಅಕ್ಷರದ ಕಾಲಂ ತಾತ್ಕಾಲಿಕ ನೆರವು. ಕಿರಿದು ಮಾಡಿದ ಮೇಲೂ ಅಕ್ಷರ ಎರಡೆರಡು ಕಂಡರೆ ಅಥವಾ ತಲೆನೋವು ಬಂದರೆ ಕಣ್ಣಿನ ವೈದ್ಯರಿಗೆ ತೋರಿಸಲು ಹೇಳಿ.